ಹಿತ್ತಾಳೆ ಹಂಡೆ, ನೀಲಿ ಬಕೆಟ್: ಒಂದು ಹೋಮ್‌ಸ್ಟೇ ಫೋಟೋ ಪ್ರಕರಣ

ಇದು ನನ್ನದೇ ಕೆಲಸದ ಪ್ರಕರಣ. ತಪ್ಪು ನನ್ನದು, ತಿದ್ದಿಸಿದವರು ಬೇರೆಯವರು. ಬಾದಾಮಿ ತಾಲ್ಲೂಕಿನ ಒಂದು ಮನೆ ಎಂದಷ್ಟೇ ಹೇಳುತ್ತೇನೆ. ಊರು, ಮನೆ, ಮಂದಿಯ ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ. ಹೋಮ್‌ಸ್ಟೇ, ಲಾಡ್ಜುಗಳ ಫೋಟೋ ತೆಗೆಯುವವರಿಗೆ, ಅಂಥ ಜಾಗ ನಡೆಸುವವರಿಗೆ ಉಪಯೋಗಕ್ಕೆ ಬಂದೀತು ಎಂದು ಬರೆದಿಟ್ಟಿದ್ದೇನೆ.

ಹಿನ್ನೆಲೆ

ಬಾಗಲಕೋಟೆಯಲ್ಲಿ ನನ್ನದೊಂದು ಸ್ಟುಡಿಯೋ ಇದೆ. ಮದುವೆ, ಸೀಮಂತ, ಪ್ರಿ-ವೆಡ್ಡಿಂಗ್. ಬಾದಾಮಿಯ ಅಗಸ್ತ್ಯ ತೀರ್ಥ ಕೆರೆಯ ದಂಡೆಯಲ್ಲಿ ಎಷ್ಟು ಜೋಡಿಗಳನ್ನು ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಮುಹೂರ್ತ ಇಲ್ಲದ ತಿಂಗಳಲ್ಲಿ ಹೊಟ್ಟೆ ಹೊರೆಯುವುದು ಹೋಟೆಲ್, ಹೋಮ್‌ಸ್ಟೇ ಫೋಟೋಗಳಿಂದ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬರುವವರು ಮೊದಲು ಮೊಬೈಲಿನಲ್ಲಿ ಕೋಣೆ ನೋಡುತ್ತಾರೆ, ಆಮೇಲೆ ಗುಹೆ. ಆದ್ದರಿಂದ ಆ ಕೆಲಸಕ್ಕೆ ಬರವಿಲ್ಲ.

ಈ ಮನೆಯ ಯಜಮಾನಿ ನಿವೃತ್ತ ಶಿಕ್ಷಕಿ. ಊರೆಲ್ಲ ‘ಅಕ್ಕೋರು’ ಅನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಅವರ ಯಜಮಾನರು ನನಗೆ ಕಾಕಾ. ಅಕ್ಕೋರ ತಮ್ಮನ ಮಗನಿಗೆ ಆಟಿಸಂ ಇದೆ. ಅವನನ್ನು ಕರೆದುಕೊಂಡು ಊರೂರು ತಿರುಗಿ, ಲಾಡ್ಜಿನ ಟ್ಯೂಬ್‌ಲೈಟು, ರೂಮ್ ಫ್ರೆಶನರ್ ವಾಸನೆ, ಲಿಫ್ಟಿನ ಬೀಪ್ ಸದ್ದಿಗೆ ಸಾಕಾಗಿ, ಕಡೆಗೆ ತಮ್ಮ ಹಳೆಯ ತೊಲೆಮನೆಯನ್ನೇ ಅಂಥ ಮಕ್ಕಳಿಗೆ, ಅಂಥ ದೊಡ್ಡವರಿಗೆ ಒಗ್ಗುವಂತೆ ಮಾಡಿಕೊಂಡಿದ್ದರು. ಮೊದಲ ದಿನವೇ ಅವರು ಹೇಳಿದ ಮಾತು ಇನ್ನೂ ನೆನಪಿದೆ: “2016ರ ಕಾಯ್ದೆಯೊಳಗ 21 ಬಗೀ ಅಂಗವೈಕಲ್ಯ ಬರದಾರ, ಅದರಾಗ ಆಟಿಸಂನೂ ಐತಿ. ಲಾಡ್ಜಿನವರಿಗೆ ಕೇಳಿದ್ರ ಮಾತ್ರ ರ‍್ಯಾಂಪ್ ತೋರಿಸಿ ಕಳಸ್ತಾರ ನೋಡ ತಮ್ಮಾ.”

ಮನೆ ಹೇಗಿತ್ತೆಂದರೆ, ಕೆಂಪು ಕಲ್ಲಿನ ದಪ್ಪ ಗೋಡೆ, ಕಾವಿ ನೆಲ, ಎರಡು ಮಲಗುವ ಕೋಣೆ, ಪಡಸಾಲೆ, ಹಿತ್ತಲು. ಗೋಡೆಗೆ ಹೊಳಪಿಲ್ಲದ ಮಣ್ಣಿನ ಬಣ್ಣ. ಕಿಟಕಿಗೆ ಎರಡು ಪದರಿನ ಪರದೆ. ಬಚ್ಚಲಲ್ಲಿ ಶವರ್ ಇದ್ದರೂ ಪಕ್ಕದಲ್ಲಿ ಬಕೆಟ್ಟು, ಚರಗಿ. ಶವರಿನ ನೀರು ಮೈಮೇಲೆ ಸೂಜಿಯಂತೆ ಚುಚ್ಚುತ್ತದೆ ಅನ್ನುವ ಮಕ್ಕಳಿದ್ದಾರೆ. ಬಕೆಟ್ ಸ್ಟೀಲಿನದಲ್ಲ, ನೀಲಿ ಪ್ಲಾಸ್ಟಿಕ್. ನೆಲಕ್ಕೆ ತಾಗಿದರೆ ಠಣ್ ಅನ್ನಬಾರದಲ್ಲ. ಹಿಂದೆ ಕಾಳುಕಡಿ ತುಂಬುತ್ತಿದ್ದ, ಒಂದೇ ಬೆಳಕಿಂಡಿಯ ಪುಟ್ಟ ಕೋಣೆಯನ್ನು ಖಾಲಿ ಮಾಡಿ ಗಾದಿ ಹಾಸಿದ್ದರು. ತಲೆ ಗಿರ್ ಅಂದಾಗ ಒಬ್ಬರೇ ಹೋಗಿ ಕೂರಲು. ಹಾಸಿಗೆಯ ಮೇಲೆ ಭಾರದ ಕೌದಿ. ಪೇಟೆಯಲ್ಲಿ ‘ವೇಟೆಡ್ ಬ್ಲಾಂಕೆಟ್’ ಎಂದು ಸಾವಿರಾರು ರೂಪಾಯಿಗೆ ಮಾರುವುದನ್ನು ನಮ್ಮ ಅಜ್ಜಿಯರು ಹಳೆ ಸೀರೆ ಪದರು ಪದರಾಗಿಟ್ಟು ಹೊಲಿದು ಮುಗಿಸಿದ್ದರು. ಅಕ್ಕೋರು ಮಾತ್ರ ಚಿತ್ತಾರದ ಮಗ್ಗುಲು ಕೆಳಗೆ ಮಾಡಿ, ಒಂದೇ ಬಣ್ಣದ ಮಗ್ಗುಲು ಮೇಲೆ ಬರುವಂತೆ ಹಾಸಿದ್ದರು. ಯಾಕೆಂದು ನಾನು ಆವತ್ತು ಕೇಳಲಿಲ್ಲ.

ಸಮಸ್ಯೆ

ಕೇಳದೆ ಮಾಡಿದ್ದೇನೆಂದರೆ, ಕೌದಿಯನ್ನು ತಿರುವಿ ಹಾಸಿದೆ. ಬಣ್ಣಬಣ್ಣದ ತುಂಡುಗಳು, ಬಿಳಿ ದಾರದ ಹೊಲಿಗೆ ಸಾಲು, ಫ್ರೇಮಿಗೆ ಎಷ್ಟು ಚಂದ! ನನ್ನ ಗಾಡಿಯಲ್ಲಿ ಯಾವಾಗಲೂ ಒಂದು ಟ್ರಂಕು ಇರುತ್ತದೆ. ಗುಳೇದಗುಡ್ಡದ ಖಣದ ದಿಂಬಿನ ಕವರು, ಇಳಕಲ್ ಸೀರೆ, ಹಿತ್ತಾಳೆ ಹಂಡೆ, ಎರಡು ದೀಪದ ಸಮೆ, ಪ್ಲಾಸ್ಟಿಕ್ ಚೆಂಡುಹೂವಿನ ಮಾಲೆ. ಉತ್ತರ ಕರ್ನಾಟಕದ ‘ಫೀಲ್’ ಬೇಕು ಅನ್ನುವ ಗಿರಾಕಿಗಳಿಗೆಂದು ಕೂಡಿಸಿಟ್ಟದ್ದು. ಬಚ್ಚಲಿನ ನೀಲಿ ಬಕೆಟ್ ಫ್ರೇಮಿನ ಹೊರಗೆ ಹೋಯಿತು, ಹಂಡೆ ಒಳಗೆ ಬಂತು. ಹತ್ತು ಅಡಿ ಅಗಲ, ಹನ್ನೊಂದು ಅಡಿ ಉದ್ದದ ಕೋಣೆಯನ್ನು, ಜಾಗ ಇದ್ದದ್ದಕ್ಕಿಂತ ಅಗಲ ಕಾಣಿಸುವ 16 ಎಂಎಂ ಲೆನ್ಸಿನಲ್ಲಿ, ಮೂಲೆಗೆ ಬೆನ್ನು ಹಚ್ಚಿ ನಿಂತು ತೆಗೆದೆ. ಕಲ್ಯಾಣ ಮಂಟಪದ ಹಾಗೆ ಕಂಡಿತು. ಬೆಳಕು ಹೆಚ್ಚು ಕಡಿಮೆ ಮಾಡಿ ತೆಗೆದ ಮೂರು ಎಕ್ಸ್‌ಪೋಶರ್ ಕೂಡಿಸಿದ್ದರಿಂದ ನೆರಳೆಂಬುದೇ ಉಳಿಯಲಿಲ್ಲ. ಗೋಡೆಯ ಮೇಲಿನ ವೈರು, ಸ್ವಿಚ್ ಬೋರ್ಡು, ಒಂದು ಸೀಳು, ಎಲ್ಲವನ್ನೂ ಎಡಿಟಿಂಗಿನಲ್ಲಿ ಅಳಿಸಿದೆ. ಫೋಟೋ ನೋಡಿ ಕಾಕಾ, “ನಮ್ಮ ಮನೀನ ಏನ್ರಿ ಇದು?” ಅಂದರು. ಆಗ ಅದು ನನಗೆ ಶಹಬ್ಬಾಸ್‌ಗಿರಿಯಂತೆ ಕೇಳಿಸಿತ್ತು.

ಡಿಸೆಂಬರ್ ರಜೆಗೆ ಒಂದು ಕುಟುಂಬ ಬಂತು. ತಂದೆ, ತಾಯಿ, ಒಂಬತ್ತು ವರ್ಷದ ಹುಡುಗ. ಮೂರು ರಾತ್ರಿಗೆ ಬಂದವರು ಎರಡನೇ ದಿನ ಮಧ್ಯಾಹ್ನ ಹೊರಟುಹೋದರು. ಜಗಳ ಏನಿಲ್ಲ, ದುಡ್ಡು ಪೂರ್ತಿ ಕೊಟ್ಟೇ ಹೋದರು. ಹೋಗುವಾಗ ತಾಯಿ ಅಕ್ಕೋರ ಕೈಯಲ್ಲಿ ಒಂದು ಪುಸ್ತಕ ಇಟ್ಟು, “ನಿಮ್ಮ ಮನಿ ಚಲೋ ಐತ್ರಿ. ಆದ್ರ ಫೋಟೋದಾಗಿನ ಮನಿ ಇದಲ್ರಿ” ಅಂದರಂತೆ.

ಅಕ್ಕೋರು ಬೈಯಲಿಲ್ಲ. ನನ್ನನ್ನು ಕರೆಸಿ, ಚಹಾ ಕೊಟ್ಟು, ಆ ಪುಸ್ತಕ ಮುಂದಿಟ್ಟರು.

ಎಂಟು ಹಾಳೆ, ಲ್ಯಾಮಿನೇಶನ್ ಮಾಡಿಸಿ ಸ್ಪೈರಲ್ ಹಾಕಿಸಿದ್ದು. ಒಂದೊಂದು ಹಾಳೆಯಲ್ಲೂ ನಾನು ತೆಗೆದ ಒಂದೊಂದು ಫೋಟೋ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದೆರಡು ಸಾಲು. ‘ಇದು ನಾವು ಮಲಗುವ ಕೋಣೆ. ದೊಡ್ಡದಾಗಿದೆ.’ ‘ಇದು ಬಣ್ಣದ ಕೌದಿ. ಕೆಂಪು ಚೌಕ ನಿನ್ನದು, ಹಸಿರು ಚೌಕ ಅಮ್ಮನದು.’ ‘ಇಲ್ಲಿ ಸ್ನಾನ ಮಾಡುತ್ತೇವೆ. ಹಿತ್ತಾಳೆ ಹಂಡೆ ಇದೆ. ಹಂಡೆಯಿಂದ ನೀರು ಹಾಕಿಕೊಳ್ಳುತ್ತೇವೆ.’ ಹಂಡೆಯ ಹಾಳೆಯ ಮೂಲೆ ಮಾತ್ರ ಮೆತ್ತಗಾಗಿ ಪ್ಲಾಸ್ಟಿಕ್ ಬಿಟ್ಟುಕೊಂಡಿತ್ತು. ಆ ಹುಡುಗನಿಗೆ ಹಂಡೆ ಇಷ್ಟವಾಗಿ ದಿನವೂ ಅದನ್ನೇ ತೆರೆದು ನೋಡುತ್ತಿದ್ದನಂತೆ. ಇಲ್ಲಿಗೆ ಬಂದಾಗ ಬಚ್ಚಲ ಬಾಗಿಲಲ್ಲಿ ನಿಂತು, ಎರಡೂ ಕಿವಿ ಮುಚ್ಚಿಕೊಂಡು, ಒಳಗೆ ಕಾಲಿಡಲೇ ಇಲ್ಲ. ಹಂಡೆ ನನ್ನ ಗಾಡಿಯ ಟ್ರಂಕಿನಲ್ಲಿತ್ತು.

ಇಂಥ ಪುಸ್ತಕಕ್ಕೆ ‘ಸೋಶಿಯಲ್ ಸ್ಟೋರಿ’ ಅನ್ನುತ್ತಾರೆ ಎಂದು ಆಮೇಲೆ ತಿಳಿಯಿತು. ಅಮೆರಿಕದ ಶಿಕ್ಷಕಿ ಕ್ಯಾರೊಲ್ ಗ್ರೇ 1990ರ ದಶಕದ ಆರಂಭದಲ್ಲಿ ರೂಪಿಸಿದ ಪದ್ಧತಿ. ಮುಂದೆ ಏನು ಬರಲಿದೆ, ಅಲ್ಲಿ ಯಾರಿರುತ್ತಾರೆ, ಏನು ಮಾಡಬೇಕು ಎಂಬುದನ್ನು ಚಿಕ್ಕ ವಾಕ್ಯಗಳಲ್ಲಿ, ಎಷ್ಟೋ ಸಲ ಚಿತ್ರಗಳ ಜೊತೆ, ಮೊದಲೇ ಹೇಳಿಕೊಡುವುದು. ಹೊಸ ಜಾಗದ ಗಾಬರಿ ಅದರಿಂದ ತಗ್ಗಲಿ ಎಂಬುದು ಉದ್ದೇಶ. ಅಂದರೆ ಉಳಿದ ಗಿರಾಕಿಗಳಿಗೆ ನನ್ನ ಫೋಟೋ ಒಂದು ಜಾಹೀರಾತು. ಈ ತಾಯಿಗೆ ಅದು ಪಠ್ಯಪುಸ್ತಕ. ಪಠ್ಯದಲ್ಲಿ ನಾನು ಸುಳ್ಳು ಬರೆದಿದ್ದೆ.

ಎರಡನೇ ಸಲ

ಮತ್ತೆ ಪುಕ್ಕಟೆ ತೆಗೆದುಕೊಡುತ್ತೇನೆ ಅಂದೆ. ಅಕ್ಕೋರು ಪುಕ್ಕಟೆಗೆ ಒಪ್ಪಲಿಲ್ಲ, ಅರ್ಧ ದುಡ್ಡಿಗೆ ಒಪ್ಪಿದರು. ಒಂದೇ ಕರಾರು: ಯಾವ ಫೋಟೋ ಬೇಕು ಎಂದು ಹೇಳುವವನು ನಾನಲ್ಲ. ಪರಿಚಯದ ಮೂರು ಕುಟುಂಬಗಳಿಗೂ, ಆಟಿಸಂ ಇರುವ, ಸ್ವಂತ ದುಡಿಮೆಯ ಒಬ್ಬ ವಯಸ್ಕರಿಗೂ ಅವರೇ ಫೋನ್ ಹಚ್ಚಿ, ‘ಬರೋಕಿಂತ ಮೊದಲ ನಿಮಗ ಏನ್ ನೋಡಬೇಕ್ರಿ?’ ಎಂದು ಕೇಳಿದರು.

ಬಂದ ಉತ್ತರಗಳಲ್ಲಿ ಕಂಬದ ಕೆತ್ತನೆ ಇರಲಿಲ್ಲ, ಸೂರ್ಯಾಸ್ತ ಇರಲಿಲ್ಲ. ಆ ವಯಸ್ಕರು ಕೇಳಿದ್ದು: ಗೇಟಿನಿಂದ ಹಾಸಿಗೆಯವರೆಗೆ ಎಷ್ಟು ಬಾಗಿಲು? ಚಿಲಕ ಒಳಗಿನಿಂದ ಹೇಗೆ ಹಾಕುವುದು? ಫ್ಲಶ್ ಒತ್ತುವುದೋ, ಎಳೆಯುವುದೋ? ಫ್ಯಾನಿನ ರೆಗ್ಯುಲೇಟರ್ ಯಾವ ಸ್ವಿಚ್ಚಿನ ಪಕ್ಕದಲ್ಲಿದೆ? ಅಂದರೆ ನಾನು ಅಳಿಸಿದ ಆ ಸ್ವಿಚ್ ಬೋರ್ಡೇ. ಒಬ್ಬ ತಾಯಿ ತಮ್ಮ ಮಗಳು ಓಡಿಹೋಗುವ ಸ್ವಭಾವದವಳೆಂದು ಕಾಂಪೌಂಡ್ ಗೋಡೆ ಎಷ್ಟು ಎತ್ತರ, ಗೇಟಿಗೆ ಬೀಗ ಇದೆಯೇ ಎಂದು ಕೇಳಿದರು. ಇನ್ನೊಬ್ಬರು ಕೇಳಿದ್ದು ಮಂಗಗಳ ಬಗ್ಗೆ. ಬಾದಾಮಿಗೆ ಬಂದವರಿಗೆ ಅದು ತಿಳಿಯದ್ದಲ್ಲ; ತಗಡಿನ ಮೇಲೆ ಹಿಂಡು ಹಾರಿದರೆ ಒಳಗಿದ್ದವರಿಗೆ ಗುಡುಗು ಬಡಿದ ಹಾಗೆ.

ಲೆನ್ಸು 35 ಎಂಎಂ. ಕೋಣೆ ಪೂರ್ತಿ ಬರಲೇಬೇಕಾದಲ್ಲಿ 28, ಅದಕ್ಕಿಂತ ಅಗಲ ಇಲ್ಲ. ಒಂದೇ ಫ್ರೇಮಿನಲ್ಲಿ ಹಿಡಿಯದಿದ್ದರೆ ಎರಡು. ಬಾಗಿಲಲ್ಲಿ ನಿಂತವರಿಗೆ ಕಾಣುವಂತೆ ಒಂದು, ಹಾಸಿಗೆಯ ಮೇಲೆ ಕೂತವರಿಗೆ ಕಾಣುವಂತೆ ಒಂದು. ಮೊದಲನೆಯದಕ್ಕೆ ಕ್ಯಾಮೆರಾ ಐದಡಿ ಎತ್ತರ, ಎರಡನೆಯದಕ್ಕೆ ಮೂರಡಿ. ಮೂರಡಿಗೆ ಇಳಿದಾಗಲೇ ನನಗೆ ಕಂಡದ್ದು, ಕಪಾಟಿನ ಹಿಡಿಕೆ ಮಗುವಿನ ಕಣ್ಣಿನ ಮಟ್ಟಕ್ಕೆ ಚಾಚಿಕೊಂಡಿದೆ ಎಂಬುದು. ಮರುದಿನ ಬಡಿಗೇರನನ್ನು ಕರೆಸಿ ಅದನ್ನು ಬದಲಿಸಿದರು.

ಬೆಳಕಿನ ಕಥೆ ಇನ್ನೂ ಸ್ವಾರಸ್ಯದ್ದು. ಫ್ಲ್ಯಾಶ್ ಗಾಡಿಯಿಂದ ಇಳಿಸಲೇ ಇಲ್ಲ. ಅಕ್ಕೋರ ಅಳಿಯ (ತಮ್ಮನ ಮಗನನ್ನು ನಮ್ಮಲ್ಲಿ ಅತ್ತೆಯಂದಿರು ಹಾಗೇ ಕರೆಯುವುದು) ಮನೆಯಲ್ಲಿದ್ದ. ಶಟರಿನ ಟಕ್ ಟಕ್ ಅವನಿಗಾಗದು ಎಂದು ಕ್ಯಾಮೆರಾವನ್ನು ಸೈಲೆಂಟ್ ಶಟರಿಗೆ ಹಾಕಿದೆ. ಟ್ರೈಪಾಡ್ ಹಾಕುವ ಮುಂಚೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ, 1/250 ಸೆಕೆಂಡಿನ ಶಟರಿನಲ್ಲಿ ಕೈಯಲ್ಲೇ ಒಂದೆರಡು ಟೆಸ್ಟ್ ಶಾಟ್ ತೆಗೆದರೆ, ಎರಡನೇ ಕೋಣೆಯ ಗೋಡೆ ತುಂಬ ಅಡ್ಡಡ್ಡ ಕಪ್ಪು ಪಟ್ಟಿ. ಮೊದಲ ಕೋಣೆಯಲ್ಲಿ ಇಲ್ಲ.

ಫೋಟೋಗ್ರಾಫರ್‌ಗಳಿಗೆ ಇದು ಹೊಸದಲ್ಲ. ನಮ್ಮ ಕರೆಂಟು 50 ಹರ್ಟ್ಸ್. ಒಳಗಿನ ಡ್ರೈವರ್ (ಕರೆಂಟು ಹದಮಾಡುವ ಸರ್ಕಿಟ್) ಕಳಪೆಯಾದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಸೈಲೆಂಟ್ ಶಟರ್ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಆ ಏರಿಳಿತ ಪಟ್ಟಿಯಾಗಿ ಮೂಡುತ್ತದೆ. ಶಟರನ್ನು 1/100ಕ್ಕೋ 1/50ಕ್ಕೋ ಇಳಿಸಿದರೆ ಪಟ್ಟಿ ಮಾಯ. ಮದುವೆ ಮಂಟಪದಲ್ಲಿ ನಾನು ಇಷ್ಟು ವರ್ಷ ಮಾಡಿದ್ದೂ ಅದನ್ನೇ. ಇಲ್ಲೂ ಬೆರಳು ಡಯಲ್ಲಿಗೆ ಹೋಗಿತ್ತು. ಹಿಂದೆ ನಿಂತು ಪರದೆ ನೋಡುತ್ತಿದ್ದ ಅಕ್ಕೋರು, “ತಡಿ. ಅದ್ಯಾಕ ಹಂಗ ಬಂತು?” ಅಂದರು. ವಿವರಿಸಿದೆ. “ಹಂಗಾದ್ರ ಆ ಬಲ್ಬ ಮಿಣುಕತೈತಿ ಅಂದಂಗಾತು. ನೀ ಕ್ಯಾಮೆರಾ ಯಾಕ ತಿದ್ದತಿ? ಬಲ್ಬ ತಗಿಯೂಣು.” ಇಂಥ ಮಿಣುಕು ಕಣ್ಣಿಗೆ ನೇರ ಕಾಣದಿದ್ದರೂ ಕೆಲವರಿಗೆ ತಲೆನೋವು, ಕಣ್ಣುದಣಿವು ತರುತ್ತದೆ. ಆ ಕೋಣೆಯಲ್ಲಿ ಅಳಿಯ ಯಾಕೆ ಮಲಗಲೊಲ್ಲ ಎಂದು ಅವರು ಬಹಳ ದಿನ ತಲೆ ಕೆಡಿಸಿಕೊಂಡಿದ್ದರಂತೆ. ಕಾರಣ ಬಲ್ಬೇ ಎಂದು ನಾನು ಆಣೆ ಮಾಡಲಾರೆ. ಬಲ್ಬಂತೂ ಬದಲಾಯಿತು. ಮುಂದೆ ಎಲ್ಲ ಬಲ್ಬುಗಳನ್ನೂ ಮೊಬೈಲಿನ ಸ್ಲೋ ಮೋಶನ್ನಿನಲ್ಲಿ ಹಿಡಿದು ನೋಡಿದೆವು. ಪಡಸಾಲೆಯದೂ ಒಂದು ಸಿಕ್ಕಿತು.

ಒಂದೇ ಕೋಣೆಯನ್ನು ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಒಂದಕ್ಕೆ, ಸಂಜೆ ದೀಪ ಹಚ್ಚಿದ ಮೇಲೆ, ಹೀಗೆ ಮೂರು ಸಲ ತೆಗೆದೆ. ಕತ್ತಲೆ ಮೂಲೆ ಕತ್ತಲೆಯಾಗೇ ಉಳಿಯಿತು. ಕಾವಿ ನೆಲದ ಕೆಂಪು ಗೋಡೆಗೆ ಹೊಡೆದು ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ದಿಕ್ಕು ತಪ್ಪುತ್ತಿತ್ತು, ಅದಕ್ಕೆ ಗ್ರೇ ಕಾರ್ಡ್ (ಬಣ್ಣಕ್ಕೆ ಅಳತೆಯಾಗುವ ಬೂದು ರಟ್ಟು) ಇಟ್ಟು ಬಣ್ಣ ಸರಿಮಾಡಿದೆ. ಎಡಿಟಿಂಗ್ ಅಂತ ಮಾಡಿದ್ದು ಅದು, ಮತ್ತು ವಾಲಿದ ಗೋಡೆಗೆರೆ ನೆಟ್ಟಗೆ ಮಾಡಿದ್ದು. ವೈರು ಇದೆ, ಸೀಳು ಇದೆ, ನೀಲಿ ಬಕೆಟ್ಟಿಗೆ ಒಂದು ಪೂರ್ತಿ ಫ್ರೇಮೇ ಇದೆ.

ಸದ್ದಿನ ಫೋಟೋ ಹೇಗೆ ತೆಗೆಯುವುದು? ಇಲ್ಲಿ ಗಂಡ ಹೆಂಡತಿಗೆ ಜಟಾಪಟಿ ಆಯಿತು. ಅಕ್ಕೋರ ಪ್ರಕಾರ ಸದ್ದು ಎಲ್ಲಿಂದ ಬರುತ್ತದೋ ಅದರ ಫೋಟೋ ಹಾಕಿ, ಕೆಳಗೆ ಹೊತ್ತು ಬರೆಯಬೇಕು. ಬೋರ್‌ವೆಲ್ ಮೋಟಾರು, ಕರೆಂಟು ಹೋದಾಗ ಕೂಗುವ ಇನ್ವರ್ಟರು, ಓಣಿಯ ಗುಡಿಯ ಮೈಕು, ಬೆಳಿಗ್ಗೆ ಆರರಿಂದ ಏಳರವರೆಗೆ ರೊಟ್ಟಿ ಬಡಿಯುವುದು. ಕಾಕಾ ಸಿಟ್ಟಾದರು. “ಹಿಂಗ ಎಲ್ಲಾ ಬರದ್ರ ಗಿರಾಕಿ ಯಾಂವ ಬರ್ತಾನ? ಅಂಗಡಿಯಾಂವ ತನ್ನ ಮಾಲ ತಾನ ಹುಳಕ ಅಂತಾನೇನ?” ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ದುಡಿದ ದುಡ್ಡೆಲ್ಲ ಆ ಮನೆಗೆ ಸುರಿದಿದ್ದರು. ಕಡೆಗೆ ರಾಜಿಯಾದದ್ದು ಹೀಗೆ: ಬುಕಿಂಗ್ ಆ್ಯಪಿನಲ್ಲಿ ಹತ್ತು ಫೋಟೋ, ಫೋನ್ ಮಾಡಿ ವಿಚಾರಿಸಿದವರಿಗೆ ವಾಟ್ಸ್‌ಆ್ಯಪಿನಲ್ಲಿ ಮುವ್ವತ್ತನಾಲ್ಕರ ಪೂರ್ತಿ ಸೆಟ್, ಡಾಂಬರು ರಸ್ತೆಯ ತಿರುವಿನಿಂದ ಹಾಸಿಗೆಯವರೆಗೆ ನಡೆದ ಕ್ರಮದಲ್ಲೇ. ಆ್ಯಪಿನ ಮುಖಚಿತ್ರಕ್ಕೆ ಸಂಜೆಯ ಪಡಸಾಲೆ. ತೂಗುಮಂಚ, ಕಂಬದ ಉದ್ದ ನೆರಳು. ಅದು ಇದ್ದದ್ದು ಇದ್ದಂತೆಯೇ ಚಂದವಿದೆ. ಚಂದಕ್ಕೂ ನನಗೂ ಈಗಲೂ ಜಗಳವಿಲ್ಲ.

ಅಳಿಸಿದ ಒಂದು ಫೋಟೋ

ಆ ತೂಗುಮಂಚದ ಮೇಲೆ ಅಕ್ಕೋರ ಅಳಿಯ ಕೂತು ತೂಗಿಕೊಳ್ಳುತ್ತಿದ್ದ. ಕಣ್ಣು ಅರ್ಧ ಮುಚ್ಚಿತ್ತು, ಮುಖದ ಒಂದು ಬದಿಗೆ ಬೆಳಕು. ನಾನು ಒತ್ತಿಬಿಟ್ಟೆ. ಹತ್ತು ವರ್ಷದಲ್ಲಿ ನಾನು ತೆಗೆದ ಚಲೋ ಭಾವಚಿತ್ರಗಳಲ್ಲಿ ಒಂದಾಗುತ್ತಿತ್ತು. ‘ಇಲ್ಲಿ ಇಂಥ ಮಕ್ಕಳು ಆರಾಮ ಇರ್ತಾರೆ’ ಎಂದು ನೂರು ಶಬ್ದ ಹೇಳುವುದನ್ನು ಅದೊಂದೇ ಹೇಳುತ್ತಿತ್ತು. ಅಕ್ಕೋರಿಗೆ ತೋರಿಸಿದೆ. ಬಹಳ ಹೊತ್ತು ನೋಡಿದರು.

“ಅಂವಾ ಹೂಂ ಅಂದಿಲ್ಲಲ್ಲ,” ಅಂದರು.

“ಕೇಳೂಣ್ರಿ ಅಕ್ಕೋರೆ.”

“ಕೇಳಿದ್ರ ಹೂಂ ಅಂತಾನ. ಏನ್ ಕೇಳಿದ್ರೂ ಹೂಂ ಅಂತಾನ. ಅದಕ್ಕ ಬ್ಯಾಡ.”

ಅವರೆದುರಿಗೇ ಅಳಿಸಿದೆ. ಮನೆಯ ಯಾವ ಫೋಟೋದಲ್ಲೂ ಮಂದಿ ಇಲ್ಲ, ಅಕ್ಕೋರು, ಕಾಕಾ ಮತ್ತು ಅಡುಗೆಯಾಕೆಯನ್ನು ಬಿಟ್ಟರೆ. ಅವರನ್ನೂ ಸೇರಿಸಿದ್ದು ಬಾಗಿಲು ತೆರೆಯುವವರ ಮುಖ ಮೊದಲೇ ಗೊತ್ತಿರಲಿ ಎಂದು. ಅಕ್ಕೋರು ಆವತ್ತು ದಿನವೂ ಉಡುವ ಕಾಟನ್ ಸೀರೆಯಲ್ಲೇ ನಿಂತರು.

ಏನಾಯಿತು

ಮೊದಲ ತಿಂಗಳು ಕಾಕಾ ಹೇಳಿದ್ದೇ ನಿಜವಾಯಿತು. ಆ್ಯಪಿನಿಂದ ಬರುವ ಬುಕಿಂಗ್ ಇಳಿಯಿತು. ಹಳೆಯ ಫೋಟೋ ನೋಡಿ ಬುಕ್ ಮಾಡಿದ್ದ ಇಬ್ಬರಿಗೆ ಅಕ್ಕೋರು ಹೊಸ ಸೆಟ್ ಕಳಿಸಿದರು, ಒಬ್ಬರು ರದ್ದು ಮಾಡಿದರು. ಫೋನ್ ಕರೆಗಳು ಮಾತ್ರ ಬೇರೆ ಬಗೆಯವಾದವು. ‘ಎಸಿ ಐತೇನ್ರಿ, ಟಿವಿ ಐತೇನ್ರಿ’ ಅನ್ನುವವರ ಜಾಗದಲ್ಲಿ, ಹದಿನೇಳನೇ ಫೋಟೋದಲ್ಲಿರುವ ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ ಎಂದು ಕೇಳುವವರು. ಬಂದವರಲ್ಲಿ ಅರ್ಧಕ್ಕೆ ಬಿಟ್ಟು ಹೋದವರು ಆಮೇಲೆ ಒಂದೇ ಕುಟುಂಬ, ಅದೂ ಮತ್ತೆ ನಮ್ಮ ತಪ್ಪಿನಿಂದಲೇ.

ಎರಡನೇ ಸಲ ನಾನು ಫೋಟೋ ತೆಗೆದದ್ದು ಫೆಬ್ರುವರಿ ಕೊನೆಯಲ್ಲಿ. ಆ ಕುಟುಂಬ ಬಂದದ್ದು ಮರುವರ್ಷ ಜನವರಿಯಲ್ಲಿ, ಬನದ ಹುಣ್ಣಿಮೆಯ ಆಸುಪಾಸು. ಬನಶಂಕರಿ ಜಾತ್ರೆ ಎಂದರೆ ತೇರು ಎಳೆದು ಮುಗಿಯುವಂಥದ್ದಲ್ಲ. ವಾರಗಟ್ಟಲೆ ನಾಟಕ ಕಂಪನಿಗಳ ಟೆಂಟು, ರಾತ್ರಿಯಿಡೀ ಗಾಡಿ, ಟ್ರ್ಯಾಕ್ಟರು, ಪ್ರಚಾರದ ಮೈಕು. ನನ್ನ ಫೋಟೋದಲ್ಲಿ ಆ ರಸ್ತೆ ಖಾಲಿ ಬಿದ್ದಿತ್ತು, ಒಂದು ಎಮ್ಮೆ ಬಿಟ್ಟರೆ. ಇಲ್ಲಿನವರಾದ ನಮಗೆ ಜಾತ್ರೆಯನ್ನು ಯಾರೂ ಹೇಳಿಕೊಡಬೇಕಿಲ್ಲ, ಆದ್ದರಿಂದಲೇ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಈಗ ಪ್ರತಿ ಫೋಟೋ ಕೆಳಗೆ ತೆಗೆದ ತಿಂಗಳು ಇದೆ. ಜಾತ್ರೆಯ ದಿನಗಳಿಗೆ ಆ ಮನೆಯಲ್ಲಿ ಹೊರಗಿನವರಿಗೆ ಕೋಣೆ ಕೊಡುವುದಿಲ್ಲ. ನಾಟಕ ನೋಡಲು ಬರುವ ಬೀಗರೇ ತುಂಬಿಕೊಳ್ಳುತ್ತಾರೆ.

ಹಂಡೆಯ ಹುಡುಗನ ತಾಯಿಗೂ ಅಕ್ಕೋರು ಹೊಸ ಸೆಟ್ ಕಳಿಸಿದ್ದರು. ನೋಡಿದ ಗುರುತು ಬಂತು, ಉತ್ತರ ಬರಲಿಲ್ಲ.

ಇದರಿಂದ ನನ್ನ ಕೆಲಸದಲ್ಲಿ ಬದಲಾದದ್ದು

‘ಆಟಿಸಂ ಫ್ರೆಂಡ್ಲಿ’ ಎಂಬ ಹಣೆಪಟ್ಟಿ ಹಚ್ಚಲು ಇನ್ನೊಬ್ಬ ಗಿರಾಕಿ ಕೇಳಿದರು, ನಾನು ಬೇಡವೆಂದೆ. ಒಬ್ಬರಿಗೆ ಮಂದ ಬೆಳಕು ಬೇಕು, ಇನ್ನೊಬ್ಬರಿಗೆ ಮಂದ ಬೆಳಕೇ ಹೆದರಿಕೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸ್ಥಿತಿ) ಇರುವ ಹುಡುಗಿಯೊಬ್ಬಳು ಆ ಕಾಳಿನ ಕೋಣೆಗೆ ಕಾಲಿಡದೆ ಮೂರು ದಿನ ತೂಗುಮಂಚ ಜೀಕಿ ಸಂತೋಷದಿಂದ ಹೋದಳು. ಒಂದು ಹಣೆಪಟ್ಟಿ ಇವರೆಲ್ಲರಿಗೂ ಏನು ಹೇಳೀತು? ಕೋಣೆಯಲ್ಲಿ ಏನಿದೆ ಎಂದು ತೋರಿಸಿದರೆ ತಮಗೆ ಆಗುತ್ತದೋ ಇಲ್ಲವೋ ಅವರೇ ತೀರ್ಮಾನಿಸುತ್ತಾರೆ.

ಯಾವ ಹೋಮ್‌ಸ್ಟೇ ಕೆಲಸಕ್ಕೂ ಈಗ ಮೊದಲು ಫೋನ್ ಮಾಡುವುದು ಅಲ್ಲಿ ಉಳಿದು ಹೋದವರಿಗೆ. ಟೆಸ್ಟ್ ಶಾಟ್ ಸೈಲೆಂಟ್ ಶಟರಿನಲ್ಲೇ. ಕಪ್ಪು ಪಟ್ಟಿ ಕಂಡರೆ ಯಜಮಾನರಿಗೆ ಹೇಳುತ್ತೇನೆ, ಅವರು ಬಲ್ಬು ಬದಲಿಸುವುದು ಬಿಡುವುದು ಅವರಿಗೆ ಬಿಟ್ಟದ್ದು. ಮನೆಯಲ್ಲಿ ಇರದ ಸಾಮಾನು ಫ್ರೇಮಿನಲ್ಲಿ ಇಲ್ಲ. ಟ್ರಂಕು ಇನ್ನೂ ಗಾಡಿಯಲ್ಲಿದೆ, ಪ್ರಿ-ವೆಡ್ಡಿಂಗಿಗೆ ಬೇಕಾಗುತ್ತದೆ. ಹಂಡೆಯನ್ನು ಮಾತ್ರ ಮನೆಗೆ ಒಯ್ದೆ, ನಮ್ಮವ್ವ ಅದರಲ್ಲಿ ನೀರು ತುಂಬಿಡುತ್ತಾಳೆ.

ಅಕ್ಕೋರ ಮನೆಗೆ ವರ್ಷಕ್ಕೆ ಎರಡು ಸಲ ಹೋಗುವ ಒಪ್ಪಂದವಿದೆ. ಏನೇನು ಬದಲಾಗಿದೆ ಎಂದು ಹೋಗುವ ಮುಂಚೆ ವಾಟ್ಸ್‌ಆ್ಯಪಿನಲ್ಲಿ ಒಂದು ಚೀಟಿ ಕಳಿಸುತ್ತಾರೆ, ಶಾಲೆಯ ಹಾಜರಿ ಪುಸ್ತಕದ ದುಂಡನೆಯ ಅಕ್ಷರ. ಈ ಸಲದ್ದು: ‘1. ಹಿತ್ತಲ ಬಾಗಿಲಿಗೆ ಹಸಿರು ಬಣ್ಣ ಹಚ್ಚೀವಿ. 2. ಎರಡನೇ ಕೋಣಿ ಗಡಿಯಾರ ತಗದೀವಿ, ಮೊಳಿ ಹಂಗ ಐತಿ, ಮೊಳಿದೂ ಫೋಟೋ ಬೇಕು. 3. ಬಕೆಟ್ ಒಡದೈತಿ. ನೀಲಿ ಸಿಗಲಿಲ್ಲ, ಬಾಗಲಕೋಟೆಯೊಳಗ ಸಿಕ್ಕರ ಬರೂ ಮುಂದ ಎರಡು ತಗೊಂಡ ಬಾ.’